ಬರೆ ಜರಿಯುವ ಮೊದಲು: ಕೊಡಗಿನ ಮನೆಯೊಂದು ಮಳೆಗಾಲಕ್ಕೆ ಸಜ್ಜಾಗುವ ಬಗೆ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಅಳೆಯುವ ಪಾತ್ರೆ ಮತ್ತು ಅದರ ಲೆಕ್ಕ ಬರೆದಿಡುವ ಡೈರಿ ಬಹಳ ಹಿಂದಿನಿಂದಲೂ ಇವೆ. ಬೆಳಿಗ್ಗೆ ಎದ್ದವರು ಪಾತ್ರೆಯ ನೀರನ್ನು ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಪಾಲು) ಅಳೆದು ಬರೆದು, ಆಮೇಲೆ ಪಕ್ಕದೂರಿನ ನೆಂಟರಿಗೆ ಫೋನ್ ಮಾಡಿ ‘ನಿಮ್ಮಲ್ಲಿ ಎಷ್ಟಾಯಿತು?’ ಎಂದು ವಿಚಾರಿಸುತ್ತಾರೆ. ಕಾಫಿ ಗಿಡದಲ್ಲಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಕಾಯುವ ಬೆಳೆಗಾರನ ಅಗತ್ಯದಿಂದ ಹುಟ್ಟಿದ ಈ ಲೆಕ್ಕಕ್ಕೆ 2018ರ ಆಗಸ್ಟ್ ನಂತರ ಇನ್ನೊಂದು ಅರ್ಥ ಬಂದಿದೆ. ಆ ತಿಂಗಳ ನಡುವಿನ ಕೆಲವೇ ದಿನಗಳಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ ಭಾಗದ ಗುಡ್ಡಗಳು ಮನೆ, ತೋಟ, ಗದ್ದೆಗಳ ಸಮೇತ ಜಾರಿಹೋದವು. ಮರುವರ್ಷ ಕೋರಂಗಾಲ ಮತ್ತು ತೋರದಲ್ಲಿ, 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿಯಿತು. ತಲಕಾವೇರಿಯಲ್ಲಿ ಅರ್ಚಕರ ಕುಟುಂಬದವರೂ ಸೇರಿ ಐವರು ಮಣ್ಣಿನಡಿ ಸಿಲುಕಿದರು. ನಮ್ಮ ಗಡಿಗೆ ತಾಗಿರುವ ವಯನಾಡಿನಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಊರುಗಳು ನಿದ್ರೆಯಲ್ಲಿರುವಾಗಲೇ ಕೊಚ್ಚಿಹೋದವು.

ವಿಪತ್ತಿಗೆ ಮನೆಯನ್ನು ಸಜ್ಜುಗೊಳಿಸುವುದೆಂದರೆ ಟಾರ್ಚು, ಬಿಸ್ಕತ್ತು, ಔಷಧಿಗಳನ್ನು ಒಂದು ಚೀಲದಲ್ಲಿ ಕಟ್ಟಿಡುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಚೀಲ ಬೇಕು, ಅದರ ಮಾತು ಮುಂದೆ ಬರುತ್ತದೆ. ಆದರೆ ಇಳಿಜಾರಿನಲ್ಲಿರುವ ಮನೆಗೆ ಅದಕ್ಕಿಂತ ಮೊದಲು ಬೇಕಾದದ್ದು ಒಂದು ತೀರ್ಮಾನ: ಯಾವ ಲಕ್ಷಣ ಕಂಡರೆ ಹೊರಡಬೇಕು, ಯಾವ ದಾರಿಯಲ್ಲಿ, ಯಾರ ಮನೆಗೆ, ಯಾರನ್ನು ಯಾರು ಕರೆದುಕೊಂಡು ಹೋಗಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ಮೇ ತಿಂಗಳಲ್ಲೇ ನಿಶ್ಚಯಿಸಿಕೊಳ್ಳುವುದು. ಜುಲೈ–ಆಗಸ್ಟ್ ನಡುವಿನ ಕಕ್ಕಡ ಮಾಸದ ಮಳೆಯಲ್ಲಿ, ಕರೆಂಟಿಲ್ಲದ ನಡುರಾತ್ರಿ, ವಯಸ್ಸಾದವರು ‘ಇಷ್ಟು ವರ್ಷ ಏನೂ ಆಗಿಲ್ಲ, ಈಗೇನಾಗುತ್ತದೆ’ ಎನ್ನುತ್ತಿರುವಾಗ ಈ ಚರ್ಚೆ ಆರಂಭವಾದರೆ ಅದು ಮುಗಿಯುವುದಿಲ್ಲ.

ಗುಡ್ಡ ಏಕೆ ಜಾರುತ್ತದೆ

ಹೊರಡುವ ತೀರ್ಮಾನ ಸರಿಯಾಗಿರಬೇಕಾದರೆ ಗುಡ್ಡದೊಳಗೆ ಏನಾಗುತ್ತದೆ ಎಂಬುದು ಸ್ವಲ್ಪ ತಿಳಿದಿರಬೇಕು. ನಮ್ಮ ಗುಡ್ಡಗಳ ಅಡಿಯಲ್ಲಿ ಗಟ್ಟಿ ಬಂಡೆಯಿದೆ. ಅದರ ಮೇಲ್ಭಾಗ ಲಕ್ಷಾಂತರ ವರ್ಷಗಳ ಮಳೆ ಬಿಸಿಲಿಗೆ ಶಿಥಿಲವಾಗಿ ಮಣ್ಣಾಗಿದೆ, ಕೆಲವೆಡೆ ಹತ್ತಾರು ಅಡಿ ದಪ್ಪಕ್ಕೆ ಕುಳಿತಿದೆ. ಈ ಮಣ್ಣು ಇಳಿಜಾರಿನಲ್ಲಿ ನಿಂತಿರುವುದು ಕಣಗಳು ಒಂದನ್ನೊಂದು ಒತ್ತಿಕೊಂಡಿರುವ ಘರ್ಷಣೆಯಿಂದ ಮತ್ತು ಬೇರುಗಳ ಹಿಡಿತದಿಂದ. ಮಳೆ ನೀರು ಒಳಗಿಳಿದು ಕಣಗಳ ನಡುವಿನ ಸಂದುಗಳನ್ನೆಲ್ಲ ತುಂಬಿದಾಗ ಏಕಕಾಲಕ್ಕೆ ಎರಡು ಬದಲಾವಣೆಗಳಾಗುತ್ತವೆ: ಮಣ್ಣಿನ ಭಾರ ಹೆಚ್ಚುತ್ತದೆ, ಸಂದಿನ ನೀರು ಕಣಗಳನ್ನು ಪರಸ್ಪರ ದೂರ ತಳ್ಳುವುದರಿಂದ ಹಿಡಿತ ಕಡಿಮೆಯಾಗುತ್ತದೆ. ಭಾರ ಹಿಡಿತವನ್ನು ಮೀರಿದ ಗಳಿಗೆಯಲ್ಲಿ ಇಡೀ ಪದರ ಒಮ್ಮೆಗೇ ಜಾರುತ್ತದೆ. ಒಳಗೆ ಒತ್ತಡದಲ್ಲಿದ್ದ ನೀರು ಆಗ ಕೆಸರಾಗಿ ಚಿಮ್ಮುವುದರಿಂದ ಅದನ್ನು ಕಂಡವರು ‘ಜಲಸ್ಫೋಟ’ ಎಂದು ಕರೆದರು. ಗುಡ್ಡದೊಳಗೆ ಏನೋ ಸಿಡಿದಂತೆ ಕಾಣುವ ಆ ದೃಶ್ಯದ ಹಿಂದೆ ಇರುವುದು ದಿನಗಟ್ಟಲೆ ಸದ್ದಿಲ್ಲದೆ ತುಂಬಿಕೊಂಡ ಮಳೆ ನೀರೇ.

ಎಷ್ಟು ನೀರು ಎಂಬುದನ್ನು ತೋಟದ ಲೆಕ್ಕದಲ್ಲೇ ನೋಡಬಹುದು. ಒಂದು ಎಕರೆಗೆ 1 ಇಂಚು ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು, ತೂಕದಲ್ಲಿ ಸುಮಾರು 100 ಟನ್. ಅದರಲ್ಲಿ ಒಂದು ಪಾಲು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಹರಿದುಹೋಗುತ್ತದೆ, ಉಳಿದದ್ದು ಒಳಗಿಳಿಯುತ್ತದೆ. ಹರಿದುಹೋಗುವ ದಾರಿಯನ್ನು ನಾವು ಮುಚ್ಚಿದಷ್ಟೂ ಒಳಗಿಳಿಯುವ ಪಾಲು ಹೆಚ್ಚುತ್ತದೆ.

ಮನುಷ್ಯನ ಕೈವಾಡ ಎರಡು ಕಡೆ ಮುಖ್ಯವಾಗುತ್ತದೆ. ಮನೆಗೋ ರಸ್ತೆಗೋ ಜಾಗ ಸಮ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿಯುತ್ತೇವೆ. ಹೀಗೆ ಕಡಿದ ಮಣ್ಣಿನ ಗೋಡೆಯನ್ನು ಇಲ್ಲಿ ಬರೆ ಎನ್ನುತ್ತಾರೆ. ಮೇಲಿನ ಭಾರವನ್ನು ಹೊತ್ತು ನಿಂತಿದ್ದ ಬುಡವನ್ನೇ ತೆಗೆದ ಮೇಲೆ ಆ ಗುಡ್ಡ ಪ್ರತಿ ಮಳೆಗಾಲದಲ್ಲೂ ಹೊಸ ಸಮತೋಲ ಹುಡುಕುತ್ತಿರುತ್ತದೆ. ಎರಡನೆಯದು, ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಇಂಗುಗುಂಡಿ, ಕೆರೆ, ಕಟ್ಟೆಗಳನ್ನು ಮಾಡುವುದು. ಬಯಲುಸೀಮೆಯಲ್ಲಿ ಇದು ಪುಣ್ಯದ ಕೆಲಸ, ಕೆಳಗೆ ಮನೆಯಿರುವ ಕಡಿದಾದ ಗುಡ್ಡದ ಮೇಲೆ ಮಾತ್ರ ಅಪಾಯವನ್ನು ನಾವೇ ತುಂಬಿಟ್ಟಂತೆ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಕೂಡ ಕಟ್ಟಡ, ರಸ್ತೆಗಳಿಗಾಗಿ ಇಳಿಜಾರಿನ ಸ್ವರೂಪ ಬದಲಿಸಿದ್ದನ್ನು ಪ್ರಮುಖ ಕಾರಣಗಳಲ್ಲಿ ಒಂದಾಗಿ ಗುರುತಿಸಿದ್ದರು.

ಇದರಿಂದ ಮನೆಯವರು ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಒಂದು ದಿನದ ಮಳೆಯನ್ನಷ್ಟೇ ನೋಡಿದರೆ ಸಾಲದು. ಜೂನ್ ತಿಂಗಳ ಮೊದಲ ವಾರದಲ್ಲಿ ಒಂದೇ ದಿನ 5 ಇಂಚು ಸುರಿದರೂ ಬೇಸಿಗೆಯಲ್ಲಿ ಒಣಗಿದ ನೆಲ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳಬಲ್ಲದು. ಎರಡು ತಿಂಗಳು ನೆನೆದ ನೆಲಕ್ಕೆ ಆಗಸ್ಟ್‌ನಲ್ಲಿ ಅಷ್ಟೇ ಮಳೆ ಬಿದ್ದಾಗ ಪರಿಣಾಮ ಬೇರೆಯೇ ಆಗಿರುತ್ತದೆ. ಮಳೆ ನಿಂತು ಬಿಸಿಲು ಕಂಡ ದಿನವೂ ಅಪಾಯ ಮುಗಿದಿರುವುದಿಲ್ಲ, ಏಕೆಂದರೆ ಮೇಲಿನಿಂದ ಇಳಿದ ನೀರು ಇನ್ನೂ ಮಣ್ಣಿನೊಳಗೆ ಚಲಿಸುತ್ತಿರುತ್ತದೆ.

ಡೈರಿ ಹೇಳುವುದು, ನೆಲ ಹೇಳುವುದು

ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯನ್ನು ಭಾರಿ, 115.6ರಿಂದ 204.4 ಮಿಲಿಮೀಟರನ್ನು ಅತಿ ಭಾರಿ, ಅದಕ್ಕೂ ಹೆಚ್ಚಿನದನ್ನು ಅತ್ಯಂತ ಭಾರಿ ಮಳೆ ಎಂದು ವಿಂಗಡಿಸುತ್ತದೆ. ನಮ್ಮ ಲೆಕ್ಕದಲ್ಲಿ ಇವು ಸರಿಸುಮಾರು ಎರಡೂವರೆ, ನಾಲ್ಕೂವರೆ ಮತ್ತು 8 ಇಂಚಿನ ಗೆರೆಗಳು. ಹಳದಿ ಎಚ್ಚರಿಕೆಯೆಂದರೆ ಗಮನವಿಟ್ಟಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಮಾಡಬೇಕಾದದ್ದನ್ನು ಈಗಲೇ ಮಾಡಿರಿ ಎಂದರ್ಥ. ಆದರೆ ಈ ಎಚ್ಚರಿಕೆ ಇಡೀ ಜಿಲ್ಲೆಗೆ ಕೊಟ್ಟದ್ದು. ಒಂದೇ ದಿನ ಭಾಗಮಂಡಲದಲ್ಲಿ ಬೀಳುವ ಮಳೆಗೂ ಕುಶಾಲನಗರದಲ್ಲಿ ಬೀಳುವ ಮಳೆಗೂ ಹೋಲಿಕೆಯೇ ಇರುವುದಿಲ್ಲ. ನಿಮ್ಮ ಅಂಗಳದ ಮಳೆಯನ್ನು ಹೇಳಬಲ್ಲದ್ದು ನಿಮ್ಮ ಅಳತೆ ಪಾತ್ರೆ ಮಾತ್ರ. ಕೊಂಡುಕೊಂಡ ಪಾತ್ರೆ ಇಲ್ಲದಿದ್ದರೆ, ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬವನ್ನು ಮರ, ಮಾಡುಗಳಿಂದ ದೂರವಿಟ್ಟು ಸ್ಕೇಲಿನಿಂದ ಅಳೆದರೂ ಸಾಕು.

ಹಳೆಯ ಡೈರಿ ಇರುವ ಮನೆಯವರು ಅದರಲ್ಲಿ 2018ರ ಆಗಸ್ಟ್ ಎರಡನೇ ವಾರದ ಪುಟವನ್ನೂ 2019ರ ಅದೇ ದಿನಗಳ ಪುಟವನ್ನೂ ತೆರೆದು, ಪ್ರತಿ ದಿನದ ಪಕ್ಕದಲ್ಲಿ ಹಿಂದಿನ ಮೂರು ದಿನಗಳ ಒಟ್ಟು ಮಳೆಯನ್ನು ಬರೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಬರೆ ಜರಿದದ್ದು, ತೋಡು ದಾರಿ ಬದಲಿಸಿದ್ದು, ಪಕ್ಕದ ತೋಟ ಬಿರಿದದ್ದು ಯಾವ ಮೊತ್ತಕ್ಕೆ ಎಂಬುದು ಆಗ ಕಣ್ಣೆದುರು ಬರುತ್ತದೆ. ಎಲ್ಲ ಗುಡ್ಡಗಳಿಗೂ ಹೊಂದುವ ಒಂದೇ ಅಂಕಿ ಇಲ್ಲ. ನಿಮ್ಮ ಗುಡ್ಡ ಹಿಂದೊಮ್ಮೆ ತೊಂದರೆ ಕೊಟ್ಟ ಅಂಕಿ ನಿಮ್ಮ ಬಳಿಯೇ ಇದೆ, ಅದರ ಮುಕ್ಕಾಲು ಪಾಲು ತಲುಪಿದ ದಿನವೇ ಮಕ್ಕಳನ್ನೂ ವಯಸ್ಸಾದವರನ್ನೂ ಬೇರೆಡೆ ಕಳುಹಿಸುವುದು ನನ್ನ ದೃಷ್ಟಿಯಲ್ಲಿ ಅತಿಯಾದ ಎಚ್ಚರವಲ್ಲ.

ಅಳತೆಗಿಂತ ನೇರವಾಗಿ ಮಾತಾಡುವುದು ನೆಲ. ತೋಟದಲ್ಲಿ ಅಥವಾ ಅಂಗಳದಲ್ಲಿ ಇಳಿಜಾರಿಗೆ ಅಡ್ಡಲಾಗಿ ಹೊಸ ಬಿರುಕು, ಸಿಲ್ವರ್ ಓಕ್ ಮರಗಳೋ ಕರೆಂಟು ಕಂಬಗಳೋ ಒಂದೇ ದಿಕ್ಕಿಗೆ ವಾಲುವುದು, ನಿನ್ನೆಯವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಹಿಡಿದುಕೊಳ್ಳುವುದು, ಗೋಡೆ ಮತ್ತು ನೆಲದ ನಡುವೆ ಸಂದು ಬಿಡುವುದು, ಎಂದೂ ನೀರು ಕಾಣದ ಬರೆಯಲ್ಲಿ ಒರತೆ ಒಡೆಯುವುದು, ಇವೆಲ್ಲ ಇಳಿಜಾರು ಚಲಿಸಲು ಆರಂಭಿಸಿದೆ ಎಂಬುದರ ಗುರುತುಗಳು. ಒರತೆಯ ನೀರು ತಿಳಿಯಾಗಿದ್ದರೂ ಅದು ಎಚ್ಚರಿಕೆಯೇ, ಕೆಂಪಾಗಿ ಮಣ್ಣು ಹೊತ್ತು ಬರತೊಡಗಿದರೆ ಒಳಗಿನಿಂದ ಗುಡ್ಡ ಕೊರೆದುಹೋಗುತ್ತಿದೆ ಎಂದು ತಿಳಿಯಬೇಕು. ಇನ್ನೊಂದು ಲಕ್ಷಣವನ್ನು ಹಲವರು ಶುಭವೆಂದು ತಪ್ಪು ತಿಳಿಯುತ್ತಾರೆ: ಜೋರು ಮಳೆಯ ನಡುವೆ ಮನೆಯ ಪಕ್ಕದ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿದುಹೋಗುವುದು. ಮೇಲೆ ಎಲ್ಲೋ ಜರಿದ ಮಣ್ಣು, ಮರಗಳು ನೀರನ್ನು ತಡೆದಿವೆ ಎಂಬುದು ಅದರ ಅರ್ಥ. ಆ ತಡೆ ಒಡೆದಾಗ ಬರುವುದು ಬರಿಯ ನೀರಾಗಿರುವುದಿಲ್ಲ. ಹಾಗೆಯೇ ದೂರದ ಲಾರಿಯ ಸದ್ದಿನಂತೆ ಗುಡುಗುಡು ಶಬ್ದ, ಮರಗಳು ಮುರಿಯುವ ಸದ್ದು ಕೇಳಿದರೆ ಚೀಲಕ್ಕೂ ಕೈ ಹಾಕದೆ, ಇಳಿಜಾರಿನ ಕೆಳಕ್ಕೆ ಓಡದೆ, ಅಡ್ಡಲಾಗಿ ತೋಡಿನಿಂದ ದೂರದ ಎತ್ತರದ ಕಡೆಗೆ ಸರಿಯಬೇಕು.

ನೆಲದ ಈ ಗುರುತುಗಳಲ್ಲಿ ಒಂದು ಕಂಡರೂ ಹೊರಡಬೇಕು, ಅದೂ ಹಗಲಿರುವಾಗಲೇ. ಕತ್ತಲಲ್ಲಿ ಬಿರುಕು ಕಾಣುವುದಿಲ್ಲ, ದಾರಿಯಲ್ಲಿ ಎಲ್ಲಿ ಮೋರಿ ಕುಸಿದಿದೆ ಎಂಬುದೂ ಕಾಣುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಸಂಜೆ ನಾಲ್ಕು ಗಂಟೆಗೆ ಒಮ್ಮೆ ಮನೆಯ ಸುತ್ತ ಕೊಡೆ ಹಿಡಿದು ತಿರುಗಿ ಬಂದು ‘ಈ ರಾತ್ರಿ ಇಲ್ಲಿ ಮಲಗಬಹುದೇ’ ಎಂದು ಕೇಳಿಕೊಳ್ಳುವ ಅಭ್ಯಾಸ ಬಹಳ ಒಳ್ಳೆಯದು. ಹೊರಡುವಷ್ಟು ಕಾರಣ ಕಾಣದಿದ್ದರೂ ಮನಸ್ಸಿಗೆ ಅಳುಕಿದ್ದರೆ, ಬರೆಯ ಕಡೆಗಿರುವ ಕೋಣೆಯನ್ನು ಬಿಟ್ಟು ಎದುರು ಬದಿಯ ಕೋಣೆಯಲ್ಲೋ ಮಹಡಿಯಲ್ಲೋ ಎಲ್ಲರೂ ಮಲಗುವುದು ಆ ರಾತ್ರಿಯ ಮಟ್ಟಿಗೆ ಒಂದು ರಕ್ಷಣೆ. ಸಣ್ಣ ಬರೆ ಜರಿದಾಗ ಮೊದಲು ತುಂಬಿಕೊಳ್ಳುವುದು ಹಿಂಬದಿಯ ಅಡುಗೆಮನೆ, ಮಲಗುವ ಕೋಣೆಗಳೇ.

ಹೊಳೆ ಬದಿಯ ಮನೆ

ಕಾವೇರಿಯ ದಡದ ಕರಡಿಗೋಡು, ಗುಹ್ಯ, ಕೊಂಡಂಗೇರಿ, ಬೇತ್ರಿ, ನೆಲ್ಯಹುದಿಕೇರಿಗಳಲ್ಲೂ ಕುಶಾಲನಗರದ ತಗ್ಗಿನ ಬಡಾವಣೆಗಳಲ್ಲೂ ಪರಿಸ್ಥಿತಿ ಬೇರೆ. ಹೊಳೆ ಸಾಮಾನ್ಯವಾಗಿ ಗಂಟೆಗಟ್ಟಲೆ ಸಮಯ ಕೊಟ್ಟು ಏರುತ್ತದೆ. ಭಾಗಮಂಡಲದ ಸಂಗಮದಲ್ಲಿ ಏರಿದ ನೀರು ಕೆಳಗಿನ ಊರುಗಳಿಗೆ ತಲುಪಲು ಹೊತ್ತು ಬೇಕು, ಹಾರಂಗಿ ಅಣೆಕಟ್ಟೆಯಿಂದ ನೀರು ಬಿಡುವಾಗಲೂ ಮುನ್ಸೂಚನೆ ಕೊಡುತ್ತಾರೆ. ಇಲ್ಲಿ ಅಪಾಯ ಹುಟ್ಟುವುದು ಆ ಸಮಯವನ್ನು ಸಾಮಾನು ಮೇಲಕ್ಕೇರಿಸುವುದರಲ್ಲಿ ಕಳೆದು, ದಾರಿ ಮುಳುಗಿದ ಮೇಲೆ ಹೊರಡುವುದರಿಂದ. ಸೇತುವೆಯ ಕಂಬದ ಮೇಲೋ ದಡದ ಮರದ ಮೇಲೋ ಬಣ್ಣದ ಗೆರೆಯೊಂದನ್ನು ಎಳೆದು, ನೀರು ಅಲ್ಲಿಗೆ ಬಂದರೆ ಹೊರಡುವುದೆಂದು ನಿಶ್ಚಯಿಸಿಕೊಳ್ಳಬೇಕು. ಆ ಗೆರೆ ಮನೆಯ ಮೆಟ್ಟಿಲಿನ ಲೆಕ್ಕದಲ್ಲಿ ಇರಬಾರದು, ಊರಿನಿಂದ ಹೊರಹೋಗುವ ರಸ್ತೆಯ ಅತಿ ತಗ್ಗಿನ ಜಾಗದ ಲೆಕ್ಕದಲ್ಲಿ ಇರಬೇಕು. ರಭಸದ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ಕೀಳಬಲ್ಲದು, ಒಂದೆರಡು ಅಡಿ ಇದ್ದರೆ ಕಾರನ್ನೇ ತೇಲಿಸಬಲ್ಲದು. ಕೆಸರು ನೀರಿನಡಿ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಎಂದು ಮೇಲಿನಿಂದ ಹೇಳಲಾಗದು.

ಚೀಲ, ನೀರು, ದಾಖಲೆ

2018ರಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೂ ಸೋಮವಾರಪೇಟೆಯ ಕಡೆಯ ರಸ್ತೆಯೂ ಒಮ್ಮೆಗೇ ತುಂಡಾದವು. ಆದ್ದರಿಂದ ಮನೆಯಲ್ಲೇ ಉಳಿಯುವವರು ಕನಿಷ್ಠ ಒಂದು ವಾರ ಯಾರ ನೆರವೂ ಇಲ್ಲದೆ ಕಳೆಯಲು, ಹೊರಡುವವರು ಮೂರು ದಿನ ಚೀಲದಲ್ಲಿರುವುದರಿಂದಲೇ ಬದುಕಲು ಸಿದ್ಧರಿರಬೇಕು. ಸೌದೆ, ಅಕ್ಕಿ, ಉಪ್ಪಿನಕಾಯಿ, ಒಣಗಿಸಿದ ಪದಾರ್ಥಗಳನ್ನು ಮಳೆಗೆ ಮೊದಲೇ ಕೂಡಿಡುವುದು ನಮ್ಮ ಹಿರಿಯರು ಬಿಟ್ಟುಹೋದ ಒಳ್ಳೆಯ ರೂಢಿ, ಅದು ಈಗ ಸಡಿಲವಾಗಿದೆ. ಇಷ್ಟೊಂದು ಮಳೆಯ ನಾಡಿನಲ್ಲಿ ಕುಡಿಯುವ ನೀರಿಗೆ ಕೊರತೆಯಾದೀತು ಎಂಬುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಮೇಲಿನ ತೋಡಿನಿಂದ ತಂದ ಪೈಪು ಬರೆ ಜರಿದಾಗ ಕಿತ್ತುಹೋಗುತ್ತದೆ, ತೆರೆದ ಬಾವಿಗೆ ಕೆಸರು ನುಗ್ಗುತ್ತದೆ. ಒಬ್ಬರಿಗೆ ದಿನಕ್ಕೆ 3ರಿಂದ 4 ಲೀಟರಿನಂತೆ ಮುಚ್ಚಳವಿರುವ ಪಾತ್ರೆಗಳಲ್ಲಿ ತುಂಬಿಟ್ಟಿರಬೇಕು, ಮಾಡಿನಿಂದ ಹಿಡಿದ ನೀರನ್ನು ಕುದಿಸದೆ ಕುಡಿಯಬಾರದು.

ಹೊರಡುವ ಚೀಲದಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದದ್ದು ದಿನನಿತ್ಯದ ಔಷಧಿಗಳು ಮತ್ತು ವೈದ್ಯರ ಚೀಟಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಎರಡು ವಾರಕ್ಕಾಗುವಷ್ಟು ಇರಲಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹೆರಿಗೆಯ ದಿನ ಹತ್ತಿರವಿರುವವರು ಕೆಂಪು ಎಚ್ಚರಿಕೆ ಬರುವವರೆಗೆ ಕಾಯದೆ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಹೋಗಿರುವುದೇ ಸರಿ. ಟಾರ್ಚು, ಶೆಲ್ಲು, ಪವರ್ ಬ್ಯಾಂಕ್, ಬೆಚ್ಚನೆಯ ಬಟ್ಟೆ, ಪ್ಲಾಸ್ಟಿಕ್ ಹೊದಿಕೆ, ಓಆರ್‌ಎಸ್ ಪೊಟ್ಟಣ, ಸ್ವಲ್ಪ ನಗದು ಇಷ್ಟಿದ್ದರೆ ಸಾಕು. ಕರೆಂಟಿಲ್ಲದೆ ಮೊಬೈಲ್ ಟವರುಗಳು ನಿಂತಾಗ ಯುಪಿಐ ಕೆಲಸಕ್ಕೆ ಬರುವುದಿಲ್ಲ. ಆಗ ಸುದ್ದಿಗೂ ಶೆಲ್ಲಿನ ರೇಡಿಯೊದಲ್ಲಿ ಬರುವ ಮಡಿಕೇರಿ ಆಕಾಶವಾಣಿಯೇ ಗತಿ.

ದಾಖಲೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಮನೆ ಕಳೆದುಕೊಂಡವರು ಆಮೇಲೆ ಎದುರಿಸುವ ಕಷ್ಟಗಳಲ್ಲಿ ತಾನು ಯಾರು, ತನ್ನ ಜಾಗ ಎಲ್ಲಿತ್ತು ಎಂದು ಕಾಗದದ ಮೇಲೆ ತೋರಿಸುವ ಕಷ್ಟವೂ ದೊಡ್ಡದು. ಗುಡ್ಡ ಜಾರಿದ ಮೇಲೆ ಜಮೀನಿನ ಗಡಿ ಕಲ್ಲೇ ಉಳಿದಿರುವುದಿಲ್ಲ. ಪಹಣಿ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗದ ಹಳೆಯ ಕಾಗದ, ಕ್ರಯಪತ್ರ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ, ವಿಮೆ, ಮಕ್ಕಳ ಅಂಕಪಟ್ಟಿಗಳ ಪ್ರತಿಗಳನ್ನು ನೀರು ನುಗ್ಗದ ಲಕೋಟೆಯಲ್ಲಿ ಹಾಕಿ ಚೀಲದಲ್ಲಿಡಬೇಕು. ಫೋಟೋ ತೆಗೆದು ಹೊರಜಿಲ್ಲೆಯಲ್ಲಿರುವ ಮಗ, ಮಗಳು ಅಥವಾ ನೆಂಟರ ಫೋನಿಗೆ ಕಳುಹಿಸಿರಬೇಕು, ಡಿಜಿಲಾಕರ್‌ನಲ್ಲಿ ಸಿಗುವುದನ್ನು ಅಲ್ಲಿಯೂ ಇಟ್ಟುಕೊಳ್ಳಬೇಕು. ಮನೆ, ಕೊಟ್ಟಿಗೆ, ಕಣ, ತೋಟಗಳ ಚಿತ್ರವನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ತೆಗೆದಿಟ್ಟರೆ ಪರಿಹಾರದ ಅರ್ಜಿಗೆ ಅದು ಒಳ್ಳೆಯ ಆಧಾರ. ಕೋವಿ ಇರುವ ಮನೆಯವರು ಅದರ ಕಾಗದವನ್ನೂ ಜೊತೆಗಿರಿಸಿಕೊಳ್ಳಬೇಕು, ಬೀಗವಿಲ್ಲದ ಮನೆಯಲ್ಲಿ ಕೋವಿ ಬಿಟ್ಟು ಹೋಗಬಾರದು.

ಹೊರಡುವಾಗ ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಬೇಕು. ಕೊಟ್ಟಿಗೆಯ ದನಕರುಗಳ ಹಗ್ಗ ಬಿಚ್ಚಿ, ನಾಯಿಯ ಸರಪಳಿ ಕಳಚಿ ಹೋಗಬೇಕು. ಕಟ್ಟಿದ ದನಕ್ಕೆ ಓಡಲು ಬರುವುದಿಲ್ಲ, ಬಿಚ್ಚಿಬಿಟ್ಟದ್ದು ಬಹಳ ಸಲ ಎತ್ತರದ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ದನ ಬಿಟ್ಟು ಬರಲಾರೆವೆಂದು ಹಿಂದೆ ಉಳಿದವರ ದುಃಖ ನನಗೆ ಅರ್ಥವಾಗುತ್ತದೆ, ಆದ್ದರಿಂದಲೇ ದನಗಳನ್ನು ಮೊದಲೇ ಯಾರ ಕೊಟ್ಟಿಗೆಗೆ ಹೊಡೆಯಬಹುದು ಎಂಬ ಮಾತೂ ಮೇ ತಿಂಗಳ ತೀರ್ಮಾನದಲ್ಲಿ ಸೇರಿರಬೇಕು.

ಲೈನ್ ಮನೆಯವರು, ನೆರೆಯವರು

ತೋಟದ ಮಾಲೀಕರ ಮನೆ ಸಾಮಾನ್ಯವಾಗಿ ನೋಡಿ ಆರಿಸಿದ ಜಾಗದಲ್ಲಿರುತ್ತದೆ. ತೋಟದ ಕಾರ್ಮಿಕರು ವಾಸಿಸುವ ಸಾಲು ಮನೆಗಳಾದ ಲೈನ್ ಮನೆಗಳು ಎಷ್ಟೋ ಕಡೆ ಬರೆಯ ಬುಡದಲ್ಲೋ ತೋಡಿನ ಅಂಚಿನಲ್ಲೋ ಇರುತ್ತವೆ. ಅಲ್ಲಿರುವವರಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ, ಕನ್ನಡದಲ್ಲಿ ಬರುವ ಎಚ್ಚರಿಕೆ ಅವರಿಗೆ ತಿಳಿಯುವುದಿಲ್ಲ, ಹೊರಡಲು ನೆಂಟರ ಮನೆಯೂ ಇರುವುದಿಲ್ಲ. ಅವರ ಮನೆಯ ಹಿಂದಿನ ಬರೆಯನ್ನು ನೋಡುವುದು, ಹಿಂದಿಯಲ್ಲೋ ಅವರ ಭಾಷೆಯಲ್ಲೋ ವಿಷಯ ಮುಟ್ಟಿಸುವುದು, ಅಗತ್ಯ ಬಿದ್ದರೆ ಕಾಫಿ ಗೋದಾಮಿನ ಬಾಗಿಲನ್ನು ಅವರಿಗೆ ತೆರೆಯುವುದು ತೋಟದವರ ಜವಾಬ್ದಾರಿ. ತಮ್ಮ ಮನೆಯ ಸಿದ್ಧತೆಯ ಪಟ್ಟಿಯಲ್ಲಿ ಲೈನ್ ಮನೆಯ ಮಕ್ಕಳ ಹೆಸರಿಲ್ಲದಿದ್ದರೆ ಆ ಪಟ್ಟಿ ಪೂರ್ತಿಯಾಗಿಲ್ಲ.

ಹಿಂದೆ ಮನೆಯಲ್ಲಿ ಸಾವು ಸಂಭವಿಸಿದರೆ ಕೋವಿಯ ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದರು. ಫೋನಿಲ್ಲದ ರಾತ್ರಿಗೆ ಅಂಥದೊಂದು ಒಪ್ಪಂದ ಇಂದಿಗೂ ಬೇಕು: ಶಾಲೆಯ ಗಂಟೆಯೋ, ವಾಹನದ ಉದ್ದನೆಯ ಹಾರನ್ನೋ, ಸೀಟಿಯೋ, ಯಾವುದಾದರೂ ಒಂದು ಸದ್ದಿಗೆ ‘ಹೊರಡಿ’ ಎಂಬ ಅರ್ಥವನ್ನು ನಾಲ್ಕಾರು ಮನೆಯವರು ಸೇರಿ ನಿಶ್ಚಯಿಸಿಕೊಂಡಿರಬೇಕು. ಫೋನ್ ಇರುವವರೆಗೆ ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತು ಸೇವೆಯ 112, ಆಂಬುಲೆನ್ಸಿನ 108 ಸಂಖ್ಯೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಟ್ಟಿರಲಿ. ಹತ್ತಿರದ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ಅಥವಾ ಸಮುದಾಯ ಭವನದಲ್ಲಿ ತೆರೆಯುತ್ತದೆ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ಮೊದಲೇ ಕೇಳಿ, ಅಲ್ಲಿಗೆ ತೋಡು ದಾಟದೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡಬೇಕು.

ಭೂಕಂಪನದ ಬಗ್ಗೆ ಎರಡು ಮಾತು. 2018ರ ಜುಲೈನಲ್ಲಿಯೂ 2022ರ ಜೂನ್ ಕೊನೆಯಲ್ಲಿ ಚೆಂಬು ಗ್ರಾಮದ ಸುತ್ತಮುತ್ತಲೂ ಲಘು ಕಂಪನಗಳಾದಾಗ ಜನರು ಗಾಬರಿಯಿಂದ ಹೊರಗೋಡಿದರು. ನೆಲ ಅಲುಗುತ್ತಿರುವಾಗ ಗಟ್ಟಿ ಮೇಜಿನ ಕೆಳಗೆ ಕುಳಿತು ತಲೆ ಮುಚ್ಚಿಕೊಳ್ಳುವುದು, ನಿಂತ ಮೇಲೆ ಹೊರಬಂದು ಹೆಂಚು, ಗೋಡೆ, ಬರೆಗಳಿಂದ ದೂರ ನಿಲ್ಲುವುದು ಸರಿಯಾದ ಕ್ರಮ. ಮಳೆಗಾಲದಲ್ಲಿ ಕಂಪನವಾದರೆ ಬೆಳಕು ಹರಿದ ಕೂಡಲೇ ಬರೆಯನ್ನೂ ತೋಟವನ್ನೂ ಹೊಸ ಬಿರುಕಿಗಾಗಿ ನೋಡಬೇಕು.

ಮರಳಿ ಬಂದ ಮೇಲೆ

ಮಳೆ ಬಿಟ್ಟ ಮರುದಿನವೇ ಮನೆಗೆ ಧಾವಿಸುವುದು ಸಹಜ, ಆದರೆ ಬರೆಯ ಮೇಲ್ಭಾಗವನ್ನು ಹಗಲಲ್ಲಿ ನೋಡದೆ ಒಳಗೆ ಹೋಗಬಾರದು. ಕೆಸರು ತೆಗೆಯುವ ಮೊದಲು ಹಾನಿಯ ಚಿತ್ರ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಬೇಕು. ಹಾವುಗಳು ಮನೆಯೊಳಗೆ ಸೇರಿರುವ ಸಂಭವ ಹೆಚ್ಚು, ಗಾಯವಿರುವ ಕಾಲಿನಲ್ಲಿ ಕೆಸರಿಗಿಳಿದರೆ ಇಲಿ ಜ್ವರದ ಅಪಾಯವೂ ಇದೆ, ಆದ್ದರಿಂದ ಗಂಬೂಟು ಹಾಕಿಕೊಂಡೇ ಕೆಲಸ ಮಾಡಬೇಕು. ಕೆಸರು ನುಗ್ಗಿದ ಬಾವಿಯನ್ನು ಬರಿದು ಮಾಡಿ, ಆರೋಗ್ಯ ಕಾರ್ಯಕರ್ತರು ಹೇಳಿದ ಪ್ರಮಾಣದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ ಮೇಲಷ್ಟೇ ಬಳಸಬೇಕು.

ತೋಟದಲ್ಲಿ ಬಿರುಕು ಬಿಟ್ಟಿದ್ದರೆ ಅದಕ್ಕೆ ನೀರಿಳಿಯದಂತೆ ಕೂಡಲೇ ಟಾರ್ಪಾಲು ಹೊದಿಸಿ, ಮೇಲಿನಿಂದ ಬರುವ ನೀರನ್ನು ಚರಂಡಿಯಿಂದ ಬೇರೆ ಕಡೆಗೆ ತಿರುಗಿಸಬೇಕು. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ನೆಟ್ಟು, ನಡುವಿನ ದೂರವನ್ನು ಮಳೆ ಡೈರಿಯಲ್ಲೇ ಪ್ರತಿದಿನ ಬರೆಯಬೇಕು. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ಹೊತ್ತಿಗೂ ಹಿಂಗಾರು ಮಳೆ ಇರುವುದರಿಂದ ಅಲ್ಲಿಯವರೆಗೂ ಈ ಅಳತೆ ನಿಲ್ಲಬಾರದು. ಭತ್ತದ ಸುಗ್ಗಿಯ ಹಬ್ಬವಾದ ಪುತ್ತರಿ ಕಳೆದು ನೆಲ ಒಣಗಿದ ಮೇಲೆ ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು, ನೀರು ಹೊರಹೋಗುವ ತೂತುಗಳಿರುವ ತಡೆಗೋಡೆ ಕಟ್ಟುವುದು, ಮುಚ್ಚಿಹೋದ ತೋಡಿನ ಹಳೆಯ ದಾರಿಯನ್ನು ಬಿಡಿಸುವುದು ಮುಂತಾದ ಕೆಲಸಗಳನ್ನು ತಿಳಿದವರಿಂದ ನೋಡಿಸಿ ಆರಂಭಿಸಬೇಕು. ಕಾಫಿ ಕುಯಿಲಿನ ಗಡಿಬಿಡಿಯಲ್ಲಿ ಇದು ಹಿಂದೆ ಬೀಳುತ್ತದೆ, ಹೂಮಳೆ ಬರುವಷ್ಟರಲ್ಲಿ ಅವಕಾಶವೇ ಉಳಿಯುವುದಿಲ್ಲ. ಆದ್ದರಿಂದ ಕುಯಿಲಿಗೆ ಆಳುಗಳನ್ನು ಹೇಳುವಾಗಲೇ ಚರಂಡಿ ಮತ್ತು ಬರೆಯ ಕೆಲಸಕ್ಕೂ ಕೆಲವು ದಿನಗಳನ್ನು ಗೊತ್ತುಮಾಡಿಕೊಂಡಿರಬೇಕು.